ಹೊಟ್ಟೆಯಿಂದ ತಂದ ಎದೆ

ಕ್ಯಾನ್ಸರ್ ಗಡ್ಡೆಯ ಸಮೇತ ನನ್ನ ಎಡಮೊಲೆಯನ್ನು ತೆಗೆದು, ರೇಡಿಯೇಷನ್ನಿನ ಕರೆಂಟು ಕೊಟ್ಟು ಮುಗಿಸಿ ಒಂದು ವರ್ಷವಾಗಿತ್ತು. ಗೋವಾದ ಫಾತೋರ್ಡಾದಲ್ಲಿ ಬಾಡಿಗೆ ಖೋಲಿಯ ಬಾಗಿಲಲ್ಲೇ ಮಷೀನು ಹಾಕಿಕೊಂಡು ಜಂಪರು ಹೊಲಿಯುವವಳು ನಾನು. ದಿನವೂ ಬೇರೆ ಹೆಂಗಸರ ಎದೆಯ ಅಳತೆ ತೆಗೆಯುತ್ತಿದ್ದೆ. ನನ್ನ ಜಂಪರಿನೊಳಗೆ ಮಾತ್ರ ಹಳೆ ಸೀರೆಯ ಚೂರುಗಳು. ಬಗ್ಗಿದರೆ ಅವು ಕಂಕುಳ ಕಡೆ ಜಾರುತ್ತಿದ್ದವು.

ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ವಿಜಯಪುರದ ಕಡೆಯ ಹೆಣ್ಣುಮಗಳು. ಹೊಟ್ಟೆಯ ಚರ್ಮ, ಕೊಬ್ಬು ತಂದು ಹೊಸ ಎದೆ ಕಟ್ಟಬಹುದು ಎಂದರು. ಮನೆಯಲ್ಲಿ ಹೇಳಿದಾಗ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮತ್ತ ಕೊಯ್ಸ್ಕೋತಿ? ಈಗ ಅದನ್ನ ಯಾರ್ ನೋಡ್ಬೇಕಾಗೇತಿ?”

“ನಾ ನೋಡ್ತೀನ್ರಿ. ದಿನಾ ಜಳಕಾ ಮಾಡಾಕಿ ನಾನ,” ಎಂದೆ.

ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಕನ್ನಡಿಯೆದುರು ನಿಲ್ಲಿಸಿ ಪೆನ್ನಿನಿಂದ ಗೆರೆ ಎಳೆದರು.

“ಡಾಕ್ಟರ್ರಿ, ಎಡಕ ಒಂದ್ ಬೆರಳ ಮ್ಯಾಲ ಆತು,” ಎಂದೆ.

ಟೇಪು ಹಿಡಿದು ನೋಡಿ, ಒರೆಸಿ ಮತ್ತೆ ಎಳೆದರು. “ನಿಮ್ಮ ಕಣ್ಣು ಭಾಳ ಚಲೋ ಐತ್ರಿ. ಆದ್ರ ಕರೆಂಟ್ ಕೊಟ್ಟ ಜಾಗಾ ಗಟ್ಟಿ ಇರ್ತೈತಿ. ಮೊದಲಿನಂಗ ಆಗೂದಿಲ್ಲ. ಜೋಡಿ ಕಾಣೂವಂಗ ಮಾಡಾಕ ನೋಡ್ತೀನಿ.”

ಮೂರನೆಯ ದಿನ ಹೊಸ ಎದೆಯ ಅಂಚು ಕಪ್ಪಾಯಿತು. ಅಲ್ಲಿಗೆ ರಕ್ತ ಮುಟ್ಟಿರಲಿಲ್ಲ. ಮತ್ತೆ ಒಳಗೆ ಒಯ್ದು ಸತ್ತ ಭಾಗವನ್ನು ಕತ್ತರಿಸಿದರು. ಹೊಟ್ಟೆಯ ಮೇಲಿನ ಅಡ್ಡ ಹೊಲಿಗೆ ಎಳೆದು, ಎಷ್ಟೋ ವಾರ ನೆಟ್ಟಗೆ ನಿಲ್ಲಲಾಗಲಿಲ್ಲ. ಎಂಟು ತಿಂಗಳ ಮೇಲೆ ತೊಡೆಯ ಕೊಬ್ಬು ಹೀರಿ ತಗ್ಗಿಗೆ ತುಂಬಿದರು; ಅರ್ಧದಷ್ಟು ಕರಗಿಹೋಯಿತು. ಬಲಗಡೆಯದನ್ನು ಸ್ವಲ್ಪ ಚಿಕ್ಕದು ಮಾಡಿದರೆ ಎರಡೂ ಹೊಂದುತ್ತವೆ ಎಂದರು ಡಾಕ್ಟರು. ಚೆನ್ನಾಗಿರುವುದಕ್ಕೂ ಚಾಕು ಹಾಕಿಸಲು ನನಗೆ ಮನಸ್ಸಾಗಲಿಲ್ಲ.

ಹೋದ ಮಳೆಗಾಲದಲ್ಲಿ ಕುಡಚಡೆ ಊರಿಂದ ನಮ್ಮ ಕಡೆಯ ಒಬ್ಬ ಹೆಂಗಸು ಆಸ್ಪತ್ರೆಗೆ ಬಂದಿದ್ದಳು. ಅವಳಿಗೂ ಇದೇ ಆಪರೇಷನ್ ಹೇಳಿದ್ದರು. ಡಾಕ್ಟರು ಕೇಳಿಕೊಂಡರೆಂದು ಪರದೆಯ ಹಿಂದೆ ಜಂಪರು ಬಿಚ್ಚಿ ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಮುಟ್ಟಿದ್ರ ಗೊತ್ತಾಗ್ತೈತೇನ್ರಿ, ಅಕ್ಕಾರ?”

“ಇಲ್ಲವಾ.”

“ಮಾಡಿಸ್ಕೊಂಡು ತಪ್ಪ ಮಾಡಿದೆ ಅನಸ್ತೈತೇನ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬಟ್ಟಿ ಹಾಕ್ಕೊಂಡಾಗ ಇಲ್ಲ. ಬಿಚ್ಚಿದಾಗ ಒಮ್ಮೊಮ್ಮಿ ಅನಸ್ತೈತಿ.”

ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡು ಹೊರಟಳು. ಮುಂದಿನ ತಪಾಸಣೆಗೆ ಹೋದಾಗ ಅವಳ ಬಗ್ಗೆ ವಿಚಾರಿಸಿದೆ.

“ಬ್ಯಾಡ ಅಂದ್ಲ್ರಿ,” ಎಂದರು ಡಾಕ್ಟರು, ನನ್ನ ಫೈಲು ತೆರೆಯುತ್ತ.