ಹುಣಸೆದೊಡ್ಡಿಯ ಕಾಲುದಾರಿ

ಐವತ್ತಾರರಲ್ಲಿ, ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರಿಗೆ ಸೇರಿದ ವರ್ಷವೇ ಮುತ್ತಯ್ಯ ಸರ್ವೆ ಕಚೇರಿಯಲ್ಲಿ ಚೈನ್‌ಮನ್ ಆದ. ಹೆಗಲಿಗೆ ಅಳತೆಯ ಸರಪಳಿ ಹೊತ್ತು ಹನೂರಿನ ಕಡೆಯ ಗುಡ್ಡಗಳನ್ನೆಲ್ಲ ಅಂಗಾಲಿನಲ್ಲೇ ಓದಿದವನು. ಅಕ್ಷರ ಮಾತ್ರ ಬಾರದು. ಅಳತೆಗೆ ಹೋದ ಊರಿನವರು ಮುದ್ದೆ, ಅವರೆಕಾಳಿನ ಸಾರು ಇಕ್ಕಿ, "ಉಂಡ್ಕಂಡು ಅಳೀರಪ್ಪ" ಎನ್ನುತ್ತಿದ್ದ ಕಾಲ ಅದು. ಅಳೆಯುವವನಿಗೂ ಊರಿಗೂ ಮುಖಪರಿಚಯ ಇರುತ್ತಿತ್ತು.

ಎಪ್ಪತ್ತೆರಡರಲ್ಲಿ ವಿಮಾನದಿಂದ ತೆಗೆದ ಫೋಟೋಗಳು ಬಂದವು. ಜನಗಣತಿಯಲ್ಲಿ ದೊಡ್ಡಿ ಎನ್ನುವ ಗುಡ್ಡದ ಪುಟ್ಟ ಊರುಗಳ ತಲೆಗಳೆಲ್ಲ ಒಟ್ಟಾಗಿ ದೊಡ್ಡ ಊರು ಬಂಡಳ್ಳಿಯ ಲೆಕ್ಕಕ್ಕೆ ಬಿದ್ದಿದ್ದವು. ಯಾರು ಎಲ್ಲಿದ್ದಾರೆಂದು ತಿಳಿಯಲು, ಫೋಟೋದಲ್ಲಿ ಕಂಡ ಒಂದೊಂದು ಸೂರಿಗೂ ಒಂದೊಂದು ಕೆಂಪು ಚುಕ್ಕೆ ಇಡಬೇಕು. ಚುಕ್ಕೆಗಳಿದ್ದ ಕಡೆ ಸರ್ಕಾರ ತೋಡಿಸುವ ಕುಡಿಯುವ ನೀರಿನ ಬಾವಿ. ನಡೆದು ಹೋಗಿಯೇ ನೋಡಬಹುದಿತ್ತು. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಗುಡ್ಡಕ್ಕಿಂತ ಆಕಾಶವೇ ಹತ್ತಿರ!

ನಕ್ಷೆ ಬರೆಯುವ ಸದಾಶಿವಪ್ಪನವರು ಚುಕ್ಕೆ ಇಡುತ್ತಿದ್ದಾಗ ಮುತ್ತಯ್ಯ ಇಣುಕಿದ. ಅಕ್ಕ ಚೆಲುವಮ್ಮನನ್ನು ಕೊಟ್ಟ ಹುಣಸೆದೊಡ್ಡಿಯಲ್ಲಿ ಬರೀ ಮರಗಳ ಕರಿತಲೆ, ಒಂದೂ ಚುಕ್ಕೆಯಿಲ್ಲ. ಪಕ್ಕದ ಇಳಿಜಾರಿನಲ್ಲಿ ಆರು.

"ಅವು ಮನೆ ಅಲ್ಲ ಕಣ್ರಿ ಸಾ. ಆಡು ಕೂಡೋ ಗುಡ್ಲು."

"ಇರ್ಲಿ ಬುಡ್ಲಾ, ಆಡೂ ನೀರು ಕುಡೀತವೆ."

"ಮನೆಗೋಳು ಹುಣಸೆಮರದ ಅಡೀಲವೆ ಸಾ. ಇಪ್ಪತ್ತೆರಡು."

"ಕಾಣ್ದೇ ಇರೋದ್ನ ಎಂಗ್ಲಾ ಬರೀಲಿ? ನಿಮ್ಮಕ್ಕನ ಊರು ಅಂತ್ಲಾ?"

ಮುತ್ತಯ್ಯ ಬೆರಳಿಟ್ಟ. "ಈ ಬಿಳಿಗೆರೆ ನೋಡಿ ಸಾ. ಹಳ್ಳದಿಂದ ಮ್ಯಾಕೆ ಬಂದು ಮರದ ಕೆಳೀಕೆ ನುಗ್ತದೆ, ಆಚೀಕೆ ಬರಾದೇ ಇಲ್ಲ. ಮರಗೋಳು ಕೊಡ ಒತ್ಕಂಡು ನೀರಿಗೆ ಓದವಾ?"

ಸದಾಶಿವಪ್ಪನವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಮಸಿಯಲ್ಲಿ ಲೇಖನಿ ಅದ್ದಿದರು. ಇಪ್ಪತ್ತೆರಡು ಚುಕ್ಕೆ.

ಮುತ್ತಯ್ಯನ ಕಣ್ಣು ಮಾತ್ರ ಆ ಗೆರೆಯ ಒಂದು ಕೊಂಕಿನಲ್ಲಿ ನಿಂತಿತ್ತು. ಅಲ್ಲೊಂದು ಬಂಡೆ. ಅಕ್ಕ ಹೊಸದಾಗಿ ಬಾಳಲು ಹೋದಾಗ, ನೋಡಿಬರಲು ಹೋದ ಇವನ ಕೈಗೂ ಒಂದು ಚೊಂಬು ಕೊಟ್ಟು ನೀರಿಗೆ ಕರೆದೊಯ್ಯುತ್ತಿದ್ದಳು. ಆ ಬಂಡೆಯ ಮೇಲೆ ಕೊಡ ಇಳಿಸಿ, ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದಳು.

ಭಾನುವಾರ ದೊಡ್ಡಿಗೆ ಹೋಗಿ ಅಕ್ಕನಿಗೆ ಫೋಟೋದ ಸುದ್ದಿ ಹೇಳಿದ.

"ಮ್ಯಾಗ್ಲಿಂದ ನಾನೂ ಕಾಣ್ತೀನೇನ್ಲಾ ಮುತ್ತಾ?"

"ನೀನು ಕಾಣಲ್ಲ ಕನಕ್ಕ, ನೀನು ನಡೆದಿದ್ದು ಕಾಣ್ತದೆ."

ಚೆಲುವಮ್ಮ ಸೊಂಟ ನೀವಿಕೊಂಡಳು. "ಇಪ್ಪತ್ತೊರ್ಸ ನಡೆದಿವ್ನಿ. ಇಮಾನ ಬರಗಂಟ ಒಬ್ಬನ ಕಣ್ಣಿಗೂ ಬೀಳ್ನಿಲ್ವಾ?"

ಮುತ್ತಯ್ಯ ಖಾಲಿ ಕೊಡ ಎತ್ತಿಕೊಂಡು ತಾನೇ ಹಳ್ಳಕ್ಕೆ ಇಳಿದ.