ನೆತ್ತರಿನ ಬಣ್ಣ ಬಳಿಯದ ಕೈಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಸದ್ದು ಮಾಡುತ್ತಿದೆ. ಕುರಿಚರ್ಮದ ತೋಳೊಂದನ್ನು ಸೂಜಿಯಡಿ ತಳ್ಳುತ್ತ ದೊಡ್ಡಮ್ಮ, ಅವರ ಕಥೆ ಕೇಳಲು ಬಂದ ನನಗೆ ತಲೆಯೆತ್ತದೆ ಹೇಳುತ್ತಾರೆ: “ಬಾಗಿಲು ಮುಂದೆ ಮಾಡಿ ಕೂತ್ಕೊಳ್ಳಿ. ಈ ತೋಳು ಮುಗಿಯೋವರೆಗೆ ಯಾವ ರಾಜ ಬಂದ್ರೂ ನಾನು ಮಾತಾಡಲ್ಲ.”

ಜೊತೆಗೆ ದುಡಿದವರೆಲ್ಲ ಕರೆದೂ ಕರೆದೂ ‘ದೊಡ್ಡಮ್ಮ’ ಎಂಬುದೇ ಅವರ ಹೆಸರಾಗಿದೆ. ಪಕ್ಕದ ಯಂತ್ರದಲ್ಲಿ ಸೊಸೆ. ಅತ್ತೆ-ಸೊಸೆ ಹೊಲಿಯುವುದು ಒಂದು ಕಾಲಕ್ಕೆ ಯುದ್ಧವಿಮಾನದ ಪೈಲಟ್‌ಗಳು ತೊಡುತ್ತಿದ್ದ ಜಾಕೆಟ್.

ಮೇಲೆ ಮುಚ್ಚಿಗೆಯೇ ಇಲ್ಲದ ವಿಮಾನಗಳಲ್ಲಿ, ಕೊರೆಯುವ ಗಾಳಿಗೆ ಎದೆಯೊಡ್ಡಿ ಹಾರಿದವರಿಗಾಗಿ ಹುಟ್ಟಿದ ಉಡುಪಿದು. ಒಳಗೆ ಉಣ್ಣೆ, ಕೂತಾಗ ಮಡಚಿಕೊಳ್ಳದಂತೆ ಸೊಂಟಕ್ಕೇ ನಿಲ್ಲುವ ಉದ್ದ, ಗಾಳಿ ನುಗ್ಗದಂತೆ ಮಣಿಕಟ್ಟಿಗೆ ಹೆಣೆದ ಪಟ್ಟಿ. ಆಮೇಲೆ ನೈಲಾನ್ ಬಂತು. ವಿಮಾನದಿಂದ ಬಿದ್ದವನು ಹುಡುಕುವವರ ಕಣ್ಣಿಗೆ ಕಾಣಲೆಂದು ಒಳಪದರಕ್ಕೆ ಕಿತ್ತಳೆ ಬಣ್ಣವೂ ಬಂತು. ಈಗ ಅದೇ ಜಾಕೆಟ್ ಕಾಫಿ ಅಂಗಡಿಯಲ್ಲಿದೆ, ಬೈಕಿನ ಮೇಲಿದೆ, ಮದುವೆಯ ಫೋಟೋದಲ್ಲೂ ಇದೆ. ಇರಲಿ. ದೊಡ್ಡಮ್ಮನ ಸಿಟ್ಟು ತೊಡುವವರ ಮೇಲಲ್ಲ.

ಗಂಡ ತೀರಿಕೊಂಡಾಗ, ಪುಟ್ಟ ಮಗನನ್ನು ಅಕ್ಕನ ಮಡಿಲಿಗೆ ಹಾಕಿ ಅವರು ವಾಯುಪಡೆಗೆ ಜಾಕೆಟ್ ಪೂರೈಸುವ ಕಾರ್ಖಾನೆ ಸೇರಿದರು. ಒಮ್ಮೆ ವಿಮಾನವೊಂದು ಬಿತ್ತು. ಹೊಲಿಗೆ ತಡೆದಿದೆಯೇ ನೋಡಲು ಪೈಲಟ್‌ನ ಜಾಕೆಟ್ಟನ್ನು ಕಾರ್ಖಾನೆಗೇ ತಂದರು.

“ತೋಳು ನಾನು ಕೂಡಿಸಿದ್ದು. ನೋಡಿದ ತಕ್ಷಣ ಗೊತ್ತಾಯ್ತು. ಒಂದೆಳೆನೂ ಬಿಟ್ಟಿರ್ಲಿಲ್ಲ. ಆದ್ರೆ ಒಳಗಿನ ಉಣ್ಣೆ ರಕ್ತ ಕುಡ್ದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾರ್ಖಾನೆ ಯಜಮಾನ್ರೂ ಪಕ್ಕದಲ್ಲೇ ನಿಂತು ನೋಡಿದ್ರು.”

ಸೇನೆಯ ಬೇಡಿಕೆ ನಿಂತಿತು. ಯಜಮಾನರ ಮಗ ಕಾರ್ಖಾನೆಯನ್ನು ಫ್ಯಾಷನ್ನಿಗೆ ತಿರುಗಿಸಿದ. ಕೈತುಂಬ ಕೆಲಸ. ಆದರೆ ಗಿರಾಕಿಗಳಿಗೆ ಹೊಸದು ಬೇಡ, ಯುದ್ಧ ಕಂಡಂತಿರುವ ಹಳೆಯದು ಬೇಕು. ಹೊಸ ಚರ್ಮವನ್ನು ಮರಳು ಕಾಗದದಿಂದ ಉಜ್ಜಬೇಕು. ಕಾದ ಸಲಾಕೆಯಿಂದ ಗುಂಡು ಹೊಕ್ಕ ತೂತು ಮಾಡಬೇಕು. ಉಜ್ಜುವವರ ಎದೆಗೆ ದೂಳು ಕೂತಿತು. ಅಷ್ಟರಲ್ಲಿ ಅಲ್ಲೇ ಕೆಲಸಕ್ಕೆ ಸೇರಿದ್ದ ಸೊಸೆಯ ಕೆಮ್ಮು ಇವತ್ತಿಗೂ ಬಿಟ್ಟಿಲ್ಲ. “ಹೊಟ್ಟೆಪಾಡು, ಉಜ್ಜಿದ್ವಿ,” ಎನ್ನುತ್ತಾರೆ ದೊಡ್ಡಮ್ಮ.

ಆಮೇಲೊಂದು ದಿನ ಯಜಮಾನರ ಮಗ ಒಣಗಿದ ನೆತ್ತರಿನಂಥ ಕಂದು ಬಣ್ಣ ತುಂಬಿದ ಸೀಸೆ ತಂದಿಟ್ಟ. ಎದೆಯ ಭಾಗಕ್ಕೆ ಬಳಿಯಬೇಕಂತೆ. ಹಾರಾಟದಲ್ಲೇ ಮಡಿದ ಪೈಲಟ್‌ನ ಜಾಕೆಟ್ ಎಂದು ಚೀಟಿ ಕಟ್ಟಿ ಮಾರುವುದಂತೆ.

“ಯಾವ ಪೈಲಟ್ಟಪ್ಪಾ?”

“ಯಾರೂ ಇಲ್ಲ ದೊಡ್ಡಮ್ಮ. ಸುಮ್ನೆ ಒಂದು ಕಥೆ. ಜನ ಕಥೆಗೆ ಮುಗಿಬೀಳ್ತಾರೆ.”

ದೊಡ್ಡಮ್ಮ ಸೀಸೆಯನ್ನು ಮೋರಿಗೆ ಬಗ್ಗಿಸಿದರು. “ಸತ್ತೋನ ಮೈಯಿಂದ ಬಿಚ್ಚಿದ ಬಟ್ಟೆ ನೋಡಿದೀಯೇನೋ ನೀನು? ನಾನು ನೋಡಿದೀನಿ. ನಿಮ್ಮಪ್ಪನೂ ನೋಡಿದಾರೆ, ಹೋಗಿ ಕೇಳು!”

ಅವನು ಅಪ್ಪನನ್ನು ಕೇಳಲಿಲ್ಲ. ಕಾವಲುಗಾರನನ್ನು ಕರೆದು ದೊಡ್ಡಮ್ಮನನ್ನು ಗೇಟಿನಾಚೆ ಬಿಡಿಸಿದ. ಅವರಿಂದಲೇ ಕೆಲಸ ಕಲಿತವರು ತುಂಬಿದ್ದ ಆ ಹಾಲ್‌ನಲ್ಲಿ ಒಂದು ತಲೆಯೂ ಮೇಲೇಳಲಿಲ್ಲ. ಎದ್ದವಳು ಸೊಸೆ ಮಾತ್ರ. “ಅತ್ತೆ ಹೋದ ಮೇಲೆ ನಂಗೇನು ಕೆಲಸ ಇಲ್ಲಿ?” ಎಂದು ಅರ್ಧ ಹೊಲಿದದ್ದನ್ನು ಅಲ್ಲೇ ಬಿಟ್ಟು ನಡೆದಳು.

ಕಳೆದ ವಾರ ಪೇಟೆಯ ಅಂಗಡಿಯೊಂದರ ಗಾಜಿನ ಹಿಂದೆ ಆ ಕಂದು ಕಲೆಯ ಜಾಕೆಟ್ಟನ್ನು ನಾನೇ ಕಂಡೆ. ಹೊಲಿದವರು ಯಾರು ಎಂದು ಕೇಳಿದೆ. ಮಾರಾಟದವನು ನಕ್ಕ: “ಯುದ್ಧದ ಕಾಲದ್ದು ಸಾರ್. ಹೊಲಿದೋರು ಈಗೆಲ್ಲಿರ್ತಾರೆ?” ಹುಟ್ಟದೇ ಇದ್ದ ಪೈಲಟ್‌ಗೆ ಅಲ್ಲೊಂದು ವೀರಗಾಥೆಯಿದೆ. ಬದುಕಿ ದುಡಿಯುತ್ತಿರುವವರಿಗೆ ಒಂದು ಹೆಸರೂ ಇಲ್ಲ. ನಾಚಿಕೆ ಎಂಬ ಪದ ಇಂಥವರ ನಿಘಂಟಿನಿಂದ ಬಿದ್ದೇ ಹೋಗಿದೆ.

ಈಗ ಈ ಕೋಣೆಯಲ್ಲಿ ಹೊಸ ಜಾಕೆಟ್ ಹುಟ್ಟುತ್ತದೆ, ಹರಿದದ್ದು ರಿಪೇರಿಯಾಗುತ್ತದೆ. ಅಂದು ತಲೆಯೆತ್ತದವರಲ್ಲಿ ಒಬ್ಬಾಕೆ ಮೊನ್ನೆ ಕೆಲಸ ಕೇಳಿಕೊಂಡು ಬಂದಿದ್ದಳಂತೆ. ಬೈದಿರಾ ಎಂದೆ.

“ಬೈದೆ. ಬೈದು ಸೂಜಿ ಕೊಟ್ಟೆ.”

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಮುಗಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಾರೆ.

“ನಾನು ಹೊಲಿದಿದ್ದು ಹಳೇದಾಗ್ಲಿ, ಬೇಡ ಅನ್ನಲ್ಲ. ಆದ್ರೆ ಹಾಕ್ಕೊಂಡೋರ ಮೈಮೇಲೆ ಹಳೇದಾಗ್ಲಿ.”