ಜಾಮೀನಿಲ್ಲದ ದೇಶ

ಇಂದು ಬೆಳಿಗ್ಗೆ ಈ ಪರದೇಶದ ಮಾಲ್ಮೋ ಊರಿನ ಬಂದೀಖಾನೆಯಲ್ಲಿ, ಗಾಜಿನಾಚೆ ಕೌಂಟರಿನಲ್ಲಿ ಕೂತಿದ್ದ ಹೆಂಗಸಿನ ಮುಂದೆ ನನ್ನ ಮನೆಪತ್ರ ಹರವಿಟ್ಟೆ. ಇಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಮಂಜುನನ್ನು ಯಾವುದೋ ಕೇಸಿನ ವಿಚಾರಣೆಗೆಂದು ಒಳಗಿಟ್ಟಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗಾರೆ ಕೆಲಸ ಮಾಡಿ ನಾನೇ ಕಟ್ಟಿದ ಮನೆಯ ಪತ್ರ ಅದು. ಊರ ಕೋರ್ಟಿನಲ್ಲಿ ಅದೇ ಪತ್ರ ಕೊಟ್ಟು ಇಬ್ಬರಿಗೆ ಜಾಮೀನು ನಿಂತಿದ್ದೇನೆ.

ಆಕೆ ಪತ್ರ ಮುಟ್ಟಲಿಲ್ಲ. ಜೊತೆಗೆ ಬಂದಿದ್ದ ಮಂಜುನ ಆಫೀಸಿನ ಗೆಳೆಯ ಇಮ್ರಾನ್ ಮೆಲ್ಲಗೆ ಹೇಳಿದ: "ಎತ್ತಿಟ್ಕೊಳ್ಳಿ ಅಣ್ಣಾ. ಇಲ್ಲಿ ಬೇಲ್ ಅನ್ನೋದೇ ಇಲ್ವಂತೆ. ಅಮೆರಿಕಾ ಆಗಿದ್ರೆ ದುಡ್ಡು ಕಟ್ಟಿ ಕರ್ಕೊಂಡ್ ಹೋಗ್ಬೋದಿತ್ತೇನೋ."

"ತಪ್ಪು ಸಾಬೀತಾಯ್ತಾ?"

"ಇಲ್ಲ. ಅಲ್ಲೀವರೆಗೂ ನಿರಪರಾಧಿನೇ ಅಂತಾರೆ."

"ನಿರಪರಾಧಿನ ಬೀಗ ಹಾಕಿ ಇಡ್ತಾರೇನಪ್ಪಾ? ಹೋಗ್ಲಿ, ನಾಳೆ ನನ್ನ ಫ್ಲೈಟು. ಒಂದ್ಸಲ ಮುಖ ತೋರ್ಸೋಕೆ ಹೇಳು."

ತನಿಖೆ ಮುಗಿಯುವವರೆಗೆ ಭೇಟಿಯೂ ಇಲ್ಲ, ಫೋನೂ ಇಲ್ಲವಂತೆ. ಆಕೆ ಇದನ್ನು ಎಷ್ಟು ಮೃದುವಾಗಿ ಹೇಳಿದಳೆಂದರೆ ನನಗೆ ಬೈಯಲೂ ಬಾಯಿ ಬರಲಿಲ್ಲ. ಗದರಿದ್ದರೆ ಉತ್ತರ ಕೊಡುತ್ತಿದ್ದೆ.

"ಅಣ್ಣ ಬಂದಿದ್ದ ಅಂತಾದ್ರೂ ಅವ್ನಿಗೆ ಹೇಳ್ತಾರಂತಾ?"

ಇಮ್ರಾನ್ ಕೇಳಿ, ನನ್ನ ಕಡೆ ನೋಡದೆ ಹೇಳಿದ: "ಅದೂ ಆಗಲ್ವಂತೆ ಅಣ್ಣಾ."

ಹೊರಗೆ ಬಂದು, ಜನ ನೋಡಿದರೆ ನೋಡಲಿ ಎಂದು, ತಮ್ಮನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದೆ. ಆ ಕಟ್ಟಡದಲ್ಲಿ ತೆರೆಯುವಂಥ ಕಿಟಕಿ ಒಂದೂ ಇರಲಿಲ್ಲ.